ಧಾರವಾಡದ ತಂತಿ ಕೆಟ್ಟ ದಿನ

ಓದುಗರಿಗೆ ಶರಣು. ನಾನು ಶಾಲೆಗೆ ತಡವಾಗಿ ಹೋದವನು, ಟೈಪ್‌ರೈಟರಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಹುಬ್ಬಳ್ಳಿಯ ತಾರು ಕಚೇರಿಯಲ್ಲಿ ಲೈನ್‌ಮನ್. ಹೋದ ಬೇಸಿಗೆಯಲ್ಲಿ ಒಂದು ದಿನ ಬೆಳಿಗ್ಗೆ ಎಂಟಕ್ಕೆ ಧಾರವಾಡದ ತಂತಿ ಸುಮ್ಮನಾಯಿತು. ದುರ್ಗದಬೈಲಿನಲ್ಲಿ ಬಳೆ ಮಾರುವ ಫಕೀರಪ್ಪ ಆಗಲೇ ಬಂದು ಬೆಂಚಿನ ಮೇಲೆ ಕೂತಿದ್ದ. ಅವನ ತಾಯಿ ಧಾರವಾಡದಲ್ಲಿ ಮಗಳ ಮನೆಯಲ್ಲಿ ಜ್ವರದಿಂದ ಮಲಗಿದ್ದಳು. ಜ್ವರ ಇಳಿಯದಿದ್ದರೆ ಇಂದೇ ಹುಬ್ಬಳ್ಳಿಯ ದವಾಖಾನೆಗೆ ಕರೆತರುತ್ತೇವೆ, ಹೊರಡುವಾಗ ತಾರು ಕೊಡುತ್ತೇವೆ ಎಂದು ಅಕ್ಕ ಹೇಳಿ ಕಳಿಸಿದ್ದಳು.

"ನಾನ ಬಸ್ ಹತ್ತಿ ಹೋಗ್ಲೇನ್ರಿ ಕಾಕಾ?"

"ನೀ ಆ ಕಡೆ, ಅವರು ಈ ಕಡೆ ಆದ್ರ? ಕೂಡು. ತಾಸಿನ್ಯಾಗ ತಂತಿ ಮಾತಾಡಸ್ತೇನಿ" ಎಂದು ನಾನೇ ಕೂಡಿಸಿದೆ.

ಹದಿಮೂರು ಮೈಲು, ಸೈಕಲ್ಲು, ಸುಡುವ ಗಾಳಿ. ಉಣಕಲ್ ಕೆರೆಯ ದಂಡೆಯಲ್ಲಿ ತಂತಿಗೆ ಗಾಳಿಪಟದ ದಾರ ಸುತ್ತಿತ್ತು, ಬಿಡಿಸಿದೆ. ಬೈರಿದೇವರಕೊಪ್ಪದಲ್ಲಿ ಕಂಬ ಹತ್ತಿದಾಗ ಎಮ್ಮೆ ಹೊಡೆದುಕೊಂಡು ಹೊರಟ ಮುದುಕಿ ನಕ್ಕಳು: "ಯಾಕೋ ಯಪ್ಪಾ, ಸುದ್ದಿ ಕಂಬಕ್ಕ ಸಿಕ್ಕೊಂಡೈತೇನು?" ರಾಯಾಪುರದಲ್ಲಿ ಚುರುಮುರಿ ತಿಂದು ಸತ್ತೂರು ದಾಟಿದೆ. ಒಂದು ಕಂಬವೂ ವಾಲಿರಲಿಲ್ಲ.

ಹನ್ನೆರಡಕ್ಕೆ ಧಾರವಾಡ ಮುಟ್ಟಿದೆ. ಅಲ್ಲಿಯ ತಾರು ಮಾಸ್ತರರು ಕೇಳಿದ್ದು ಒಂದೇ ಮಾತು: "ನಿಮ್ಮ ಕಡೆ ಭೂಮಿಗೆ ನೀರು ಹಾಕೀರಿಲ್ಲೋ?"

ಒಂದೇ ತಂತಿಯಲ್ಲಿ ಹೋದ ಕರೆಂಟು ನೆಲದೊಳಗಿಂದ ಮರಳಬೇಕು. ಅದಕ್ಕೆಂದೇ ಕಚೇರಿಯ ಹಿತ್ತಿಲಲ್ಲಿ ಒಂದು ತಗಡು ಹುಗಿದಿರುತ್ತದೆ; ಆ ಗುಂಡಿಗೆ ದಿನಕ್ಕೊಂದು ಕೊಡ ನೀರು. ಮಣ್ಣು ಒಣಗಿದರೆ ತಂತಿ ಸುಮ್ಮನಾಗುತ್ತದೆ. ನಳ ನಿಂತ ವಾರದಲ್ಲಿ ಜವಾನನಿಗೆ ನಾನೇ ಹೇಳಿದ್ದೆ: "ಕುಡಿಯಾಕ ಇಲ್ಲ, ಮಣ್ಣಿಗೆಲ್ಲಿ ಸುರೀತಿ? ಬಿಡೋ."

ಮೇಜಿನ ಮೇಲೆ ಫಕೀರಪ್ಪನ ಹೆಸರಿಗೆ ಬೆಳಗಿನ ತಾರು ಬಿದ್ದಿತ್ತು: "ತಾಯಿಗೆ ಕಠಿಣ. ಕೂಡಲೇ ಬಾ." ಟ್ರಂಕ್ ಕಾಲ್ ಸಿಗಲು ಎರಡು ತಾಸು ಎಂದರು. ತಾರಿನ ಚೀಟಿ ಕಿಸೆಗಿಟ್ಟು, ಸೈಕಲ್ಲು ಅಲ್ಲೇ ಬಿಟ್ಟು, ಐವತ್ತು ನಯೇ ಪೈಸೆ ಕೊಟ್ಟು ಬಸ್ಸು ಹಿಡಿದೆ.

ಫಕೀರಪ್ಪ ಅದೇ ಬೆಂಚಿನ ಮೇಲಿದ್ದ. ಚೀಟಿ ಓದಿ ಹೇಳಿದೆ. ಅವನು ಚಪ್ಪಲಿ ಮೆಟ್ಟಿದ. ನಾನು ಹಿತ್ತಿಲಿಗೆ ಓಡಿ, ಕುಡಿಯುವ ನೀರಿನ ಕೊಡವನ್ನೇ ಗುಂಡಿಗೆ ಸುರಿದೆ. ಒಳಗೆ ಯಂತ್ರ ಕಟಕಟ ಅನ್ನತೊಡಗಿತು.

ಬಾಗಿಲು ದಾಟುತ್ತಿದ್ದವನು ತಿರುಗಿದ. "ತಂತಿ ಛಲೋ ಆತಲ್ರೀ ಕಾಕಾ! ಅವ್ವನ ಸುದ್ದಿನ ಇರಬೇಕು, ಕೇಳಿ ಹೋಗ್ತೇನಿ."

ನಮ್ಮ ಮಾಸ್ತರರು ಹೊಸ ತಾರು ಬರೆದುಕೊಂಡರು: "ತಾಯಿ ತೀರಿಕೊಂಡಳು." ಅವನ ಕಡೆ ನೋಡದೆ ಚೀಟಿಯನ್ನು ನನ್ನ ಕೈಗೆ ಕೊಟ್ಟರು.

ಈಗ ಆ ಗುಂಡಿಗೆ ನಾನೇ ನೀರು ಹಾಕುತ್ತೇನೆ. ನಿಮ್ಮಲ್ಲಿ ಯಾರಾದರೂ ಹೊರಟವರನ್ನು ಹೀಗೆ "ಕೂಡು" ಎಂದು ಕೂಡಿಸಿದ್ದರೆ, ನನಗೊಂದು ಕಾಗದ ಬರೆಯಿರಿ.