ಎಂಜಿನ್ನಿನ ಮ್ಯಾಲಿನ ದೇವರು

ನಮ್ಮ ಮನಿಯಾಗ ಆ ಡೀಸೆಲ್ ಎಂಜಿನ್ನಿಗೆ ನನಗಿಂತ ಹೆಚ್ಚು ಮರ್ಯಾದಿ ಇತ್ತು. ನಾ ಲಗ್ನಾಗಿ ಬರೂಕಿಂತ ಮೊದಲ ಅದು ಬಂದು ಕೃಷ್ಣಾ ದಂಡಿ ಮ್ಯಾಲ ಕುಂತು ನಮ್ಮ ಹೊಲಕ್ಕ ನೀರು ಎತ್ತತಿತ್ತು. ಆಮ್ಯಾಲ ಡ್ಯಾಮಿನ ಹಿನ್ನೀರು ಬಂತು, ಹೊಲಾ ಮುಳುಗಿತು, ಊರು ಗುಡ್ಡದ ಕಡೆ ಸರೀತು. ನೀರು ತಾನ ಹೊಲಕ್ಕ ಬಂದು ಕುಂತ ಮ್ಯಾಲ ನೀರೆತ್ತೂ ಎಂಜಿನ್ನಿಗೆ ಏನು ಕೆಲಸ? ನಮ್ಮ ಮನಿಯವರು ಅದನ್ನ ಬಿಚ್ಚಿಕೊಂಡು ಬಂದು ಒಂದು ದೋಣಿಗೆ ಕೂಡಿಸಿದ್ರು. ಬೀಳಗಿ ಕಡೆಯ ನಮ್ಮ ದಂಡಿಯಿಂದ ಆಚಿ ದಂಡಿಗೆ ಮಂದಿ, ಸೈಕಲ್ಲು, ಆಡು, ಹಾಲಿನ ಕ್ಯಾನು ಎಲ್ಲಾ ದಾಟಸಾಕ ಹತ್ತಿದ್ರು.

ಇದು ನಮ್ಮ ಅತ್ತಿಗೆ ಬಿಲ್ಕುಲ್ ಸೇರಲಿಲ್ಲ. ಕುರಿ ಕಾಯ್ದ ಮನಿತನ, ಬೀರಪ್ಪನ ಒಕ್ಕಲು. ಗುಡ್ಡದಾಗ ತೋಳಕ್ಕ ಅಂಜದ ಹೆಣಮಗಳು ಆ ನೀರು ಕಂಡ್ರ ಸೆರಗು ಬಿಗಿ ಹಿಡಕೊಳ್ಳತಿದ್ದಳು. ಮಗನಿಗೆ ಬಾವ್ಯಾಗ ಈಸು ಬರತಿತ್ತು ಖರೆ, ಆದರ ಆಚಿ ದಂಡಿ ಸರಿಯಾಗಿ ಕಾಣದ ನೀರಾಗ ಆ ಈಸು ಎಷ್ಟರದು? ದಿನಾ ಮುಂಜಾನೆ ಆಕಿ ದಂಡಿಗೆ ಬಂದು, ಸೊಂಟದ ಚೀಲದಾಗಿಂದ ಒಂದು ಮುಷ್ಟಿ ಭಂಡಾರ ತಗದು, ಎಂಜಿನ್ನಿನ ನೆತ್ತಿ ಮ್ಯಾಲ ಹಾರಸಿ, ತುಟಿಯಾಗ ಏನೋ ಬೇಡಿಕೊಂಡು ಹೋಗತಿದ್ದಳು. ಭಂಡಾರ ಅಂದ್ರ ಅರಿಶಿಣದ ಪುಡಿ, ಬೀರಪ್ಪನ ಪ್ರಸಾದ. ದೋಣಿ ಒಳಗ ಆಕಿ ಒಂದು ದಿನಾನೂ ಕಾಲಿಡಲಿಲ್ಲ.

ಆ ಎಂಜಿನ್ನಿನ ನೆತ್ತಿ ಮ್ಯಾಲ ಒಂದು ಗುಂಡಗಿನ ಕರೀ ಡಬ್ಬಿ ಇತ್ತು. ಅದು ಥೇಟ್ ನಮ್ಮ ಗುಡಿಯ ಗುಂಡಗಲ್ಲಿನಂಗ ಕಾಣತಿತ್ತು. ಅತ್ತಿ ಅದಕ್ಕ ಕುಂಕುಮ ಹಚ್ಚಿ, ಹೂವು ಸುತ್ತಿ, ದೇವರನ್ನ ಮಾಡಿಬಿಟ್ಟಳು. ದೋಣಿ ಹತ್ತೂ ಮಂದಿನೂ ಅದನ್ನ ಮುಟ್ಟಿ ಕಣ್ಣಿಗೊತ್ತಿಕೊಂಡು ಕುಂಡ್ರತಿದ್ರು.

ಒಂದು ಚಳಿಗಾಲ ಎಂಜಿನ್ ಮೊಂಡ ಹಿಡೀತು. ಹ್ಯಾಂಡಲ್ ತಿರುವಿದ್ರ ನಾಕು ಸಲ ಕೆಮ್ಮತಿತ್ತು, ಕರೀ ಹೊಗಿ ಉಗಳತಿತ್ತು, ಆರತಿತ್ತು. ಮಂದಿ ಕುಂತು ಕುಂತು ಬ್ಯಾಸತ್ತು ಕೆಳಗಿನ ಕಡವಿನ ದೋಣಿಗೆ ನಡದ್ರು. ನಮ್ಮ ಮನಿಯವರ ಬಲಗೈ ರಟ್ಟಿ ಬಾತು ರೊಟ್ಟಿ ಮುರಿಯಾಕೂ ಬರದಂಗಾತು. ಅವರದು ಆಕಳಂಥಾ ಸ್ವಭಾವ, ಒಂದು ಮಾತು ಆಡಲಿಲ್ಲ. ಆಡಬೇಕಾದ್ದೆಲ್ಲಾ ನಾನ ಆಡಿದೆ. ಎಂಜಿನ್ನಿನ ಹೆತ್ತವರನ್ನೂ ಬಿಡಲಿಲ್ಲ.

ಜಮಖಂಡಿಯಿಂದ ಮೇಸ್ತ್ರಿನ ಕರಸಿದ್ವಿ. ಅಂವ ಡೀಸೆಲ್ ಪೈಪಿನಾಗ ಗಾಳಿ ಹಿಡದೈತಿ ಅಂದು ನಟ್ಟು ಸಡಲಿಸಿ, ಗುಳ್ಳಿ ನಿಲ್ಲೂತನಕ ಡೀಸೆಲ್ ಚೆಲ್ಲಿದ. ಸುರುವಾಗಲಿಲ್ಲ. ನಾಝಲ್ ಬಿಚ್ಚಿ ಮುಧೋಳಕ್ಕ ಒಯ್ದು ರಿಪೇರಿ ಮಾಡಿಸಿ ತಂದ. ಸುರುವಾಗಲಿಲ್ಲ. ಬಿಸಿನೀರು ಹೊಯ್ದ, ಎಣ್ಣಿ ಬದಲಿ ಮಾಡಿದ, ಕಡೀಕ ಒಳಗಿನ ಪಿಸ್ಟನ್ ರಿಂಗ್ ಹೋಗ್ಯಾವು ಅಂದ. ಹೋಗೂ ಮುಂದ ಆ ಕರೀ ಡಬ್ಬಿಗೆ ಕೈ ಮುಗದು, "ಇನ್ನ ಇಂವನ ನೋಡಬೇಕ್ರಿ" ಅಂದ.

ಅತ್ತಿ ದಂಡಿ ಮ್ಯಾಲ ನಿಂತು ಕೇಳಿದಳು. "ನಾ ಹೇಳಲಿಲ್ಲೇನು? ಬೀರಪ್ಪಗ ಮನಸಿಲ್ಲ. ಗುಜರಿಗೆ ಹಾಕ್ರಿ. ಸಮೀರವಾಡ್ಯಾಗ ಕಬ್ಬಿನ ಲಾರಿ ತುಂಬೂ ಕೆಲಸ ಇದ್ದ ಇರತೈತಿ."

ಮನಿಯವರು ಆ ದಿನ ಉಣ್ಣಲಿಲ್ಲ. ಹೊಲಾ ಹೋದಾಗ ತಡಕೊಂಡ ಮನಶ್ಯಾ, ಎಂಜಿನ್ ಹೋಗತೈತಿ ಅಂದಾಗ ಗ್ವಾಡಿಗೆ ಮಾರಿ ಮಾಡಿ ಮಲಗಿದ್ರು. "ಹೊಲದ್ದು ಅಂತ ಉಳದಿದ್ದು ಅದೊಂದ ಇತ್ತು" ಅಂದ್ರು.

ಮರುದಿನ ಬನಹಟ್ಟಿಯಿಂದ ಗುಜರಿಯವರು ಬರಾವರಿದ್ರು. ಅತ್ತಿ ನನಗ ಅಂದಳು, "ದೇವರನ್ನ ಇಳಿಸಿ ಕೊಡವಾ. ಭಂಡಾರ ಮೆತ್ತಿದ್ದನ್ನ ಗುಜರಿಗೆ ಹಾಕಿದ್ರ ಪಾಪ ಬರತೈತಿ. ಡಬ್ಬಿ ತೊಳದು ನೀರು ಹೊಳಿಗೆ ಬಿಡು." ಪೂಜಿ ಮಾಡಿದ್ದನ್ನ ಇಳಿಸದ ಕೊಡಬಾರದು, ಅದು ನಮ್ಮ ಪದ್ಧತಿ. ಬೈಕೋತ ಹೋದೆ. ಹೂವು ಹರದೆ, ಡಬ್ಬಿ ತಿರುವಿ ತಗದೆ, ತೊಳಿಯಾಕಂತ ಮುಚ್ಚಳ ಎತ್ತಿದೆ. ಒಳಗ ಝುಣಕ. ಖರೇನ, ಒಲಿ ಮ್ಯಾಲಿಂದ ಈಗಷ್ಟ ಇಳಿಸಿದ ಕಡ್ಲಿಹಿಟ್ಟಿನ ಝುಣಕದಂಗ ಹಳದಿ ಮುದ್ದಿ, ಡಬ್ಬಿ ತಳದ ಎಣ್ಣ್ಯಾಗ ಕಲಸಿ ಗಟ್ಟಿಯಾಗಿ ತೂತೆಲ್ಲಾ ಮುಚ್ಚಿತ್ತು.

ನನ್ನ ತವರುಮನಿ ಬನಹಟ್ಟಿ. ಅಪ್ಪ ಪವರ್‌ಲೂಮಿನಾಗ ದುಡದಾವ. ಹತ್ತಿಯ ಧೂಳು ಮೋಟರಿನ ಜಾಳಗಿಗೆ ಮೆತ್ತಿದ್ರ ಮೋಟರ್ ಉಸಿರುಗಟ್ಟತೈತಿ ಅಂತ ಸಣ್ಣಾಕಿದ್ದಾಗಿಂದ ಕೇಳೀನಿ. ಈ ಡಬ್ಬಿ ಎಂಜಿನ್ನಿನ ಮೂಗು, ಅತ್ತಿ ಹಾರಸಿದ ಭಂಡಾರೆಲ್ಲಾ ಗಾಳಿ ಕೂಡ ಅದರಾಗ ಹೋಗಿ ಕುಂತೈತಿ ಅಂತ ಆಗ ಹೊಳೀತು. ಮೇಸ್ತ್ರಿ ಪೈಪಿನಾಗ ಗಾಳಿ ಹೆಚ್ಚಾಗೇತಿ ಅಂದಿದ್ದ, ಆದರ ಎಂಜಿನ್ನಿಗೆ ಉಸಿರಾಡಾಕ ಗಾಳಿನ ಇರಲಿಲ್ಲ. ಅಷ್ಟು ಬಿಚ್ಚಿದ ಮೇಸ್ತ್ರಿ ಇದೊಂದನ್ನ ಬಿಚ್ಚಲಿಲ್ಲ. ದೇವರಿಗೆ ನಟ್ಟು ಬಿಚ್ಚೂ ಪಾನಾ ಹಚ್ಚಾವ ಯಾರು?

"ಬರ್ರಿ ಇಲ್ಲಿ," ಅಂತ ಮನಿಯವರನ್ನ ಒದರಿದೆ. "ಡಬ್ಬಿ ಇಲ್ಲದ ತಿರುವ್ರಿ." ಎಡಗೈಲೆ ತಿರುವಿದ್ರು. ಒಂದ ಏಟಿಗೆ ಹತ್ತಿತು. ಡಗ್ ಡಗ್ ಅನ್ನೂ ಆ ಸಪ್ಪಳಕ್ಕ ಅವರು ಅಲ್ಲೇ ಕುಂತುಬಿಟ್ರು, ಕಣ್ಣಾಗ ನೀರು.

ಸಪ್ಪಳ ಕೇಳಿ ಅತ್ತಿ ಓಡಿ ಬಂದಳು. ನನ್ನ ಕೈಯಾಗಿನ ಹಳದಿ ಮುದ್ದಿ ನೋಡಿದಳು. "ನಾ ಹಾಕಿದ್ದ ಅದರ ಗಂಟಲಾ ಹಿಡದಿತ್ತೇನು?"

"ಹಂಗೇನಿಲ್ಲ ಯವ್ವಾ, ಇವತ್ತ ಬಿಸಲು ಛಲೋ ಬಿದ್ದೇತಿ, ಅದಕ್ಕ ಸುರುವಾತು," ಅಂದ್ರು ಮನಿಯವರು.

ನನಗ ಸುಳ್ಳು ಆಗೂದಿಲ್ಲ. "ಹೌದ್ರಿ ಅತ್ತಿ," ಅಂದೆ. "ನೀವು ಮಗಾ ಸುರಕ್ಷಿತ ಇರಲಿ ಅಂತ ಪ್ರೀತಿಲೆ ಹಾಕಿದ್ರಿ. ಅದಕ್ಕ ಉಣ್ಣಾಕ ಬರಲಿಲ್ಲ, ಅಷ್ಟ."

ಅತ್ತಿ ದಂಡಿಯ ಕಲ್ಲಿನ ಮ್ಯಾಲ ಕುಂತಳು. ಆಮ್ಯಾಲ ಸಣ್ಣ ದನಿಲೆ ಅಂದಳು, "ಸುರಕ್ಷಿತ ಇರಲಿ ಅಂತ ನಾ ಬೇಡಲಿಲ್ಲವಾ. ಈ ಎಂಜಿನ್ ಸುರುವಾಗದಂಗ ಮಾಡಪಾ ಬೀರಪ್ಪಾ, ನನ್ನ ಮಗಾ ನೀರಿಗೆ ಹೋಗದಂಗ ಮಾಡಪಾ ಅಂತ ದಿನಾ ಬೇಡೀನಿ. ಅಂವ ನನ್ನ ಮಾತು ಕೇಳಿದ್ದ. ನೀನ ಕೇಳಲಿಲ್ಲ."

ಸಿಟ್ಟು ಬರಬೇಕಿತ್ತು ನನಗ. ಬರಲಿಲ್ಲ. ಇಷ್ಟು ದಿನಾ ಆಕಿ ಒಬ್ಬಾಕಿನ ಹೊತ್ತ ಅಂಜಿಕಿ ನೋಡಿ ಮರುಕಾತು. ಹತ್ರ ಹೋಗಿ ಬೆನ್ನ ಮ್ಯಾಲ ಕೈ ಇಟ್ಟೆ. ಡಬ್ಬಿ ತೊಳದು, ಹೊಸ ಎಣ್ಣಿ ಹಾಕಿ, ಮನಿಯವರು ತಿರುಗಿ ಕೂಡಿಸಿದ್ರು. ಗುಜರಿಯವರು ಬಂದು ಚಾ ಕುಡದು ಬರಿಗೈಲೆ ಹ್ವಾದ್ರು.

ದೋಣಿ ಬಿಡೂ ಮುಂದ ಅತ್ತಿ ಎದ್ದು ಬಂದಳು. ಚೀಲದಾಗ ಕೈ ಹಾಕಿ ರೂಢಿಲೆ ಮುಷ್ಟಿ ಎತ್ತಿದಾಕಿ, ಹಂಗ ತಡದು, ಮಗನ ಹಣಿಗೆ ಹಚ್ಚಿದಳು. ಉಳದದ್ದನ್ನ ತನ್ನ ಹಣಿಗೂ ಹಚ್ಚಿಕೊಂಡು ಸೀರಿ ಮ್ಯಾಲೆತ್ತಿದಳು. "ಸರೀರಿ. ನಾನೂ ಬರತೀನಿ. ಮುಳುಗಿದ್ರ ಎಲ್ಲಾರೂ ಕೂಡೇ ಮುಳುಗೂಣು." ದೋಣ್ಯಾಗ ಬಾಜೂಕ ಕುಂತ ನನ್ನ ರಟ್ಟಿ ಹಿಡದ ಆಕಿ ಕೈ ದಾರಿಯುದ್ದಕ್ಕೂ ಸಡಲ ಬಿಡಲಿಲ್ಲ.

ನಡು ನೀರಾಗ ಮನಿಯವರು ತಿರುಗಿ ನೋಡಿ ಅಂದ್ರು, "ಯವ್ವಾ, ಈಗ ನಮ್ಮ ಹೊಲದ ಮ್ಯಾಲ ಅದೀವಿ. ಎಂಜಿನ್ ಬಂದ್ ಮಾಡಿ ಚೂರು ನಿಲ್ಲಸಲೇನು?"

ಅತ್ತಿ ಬಗ್ಗಿ ನೀರು ನೋಡಿದಳು. ಆಮ್ಯಾಲ ಎಂಜಿನ್ ನೋಡಿದಳು.

"ಬ್ಯಾಡಪಾ, ಚಾಲೂ ಇರಲಿ," ಅಂದಳು.