ನವೆಂಬರ್ ಬಿಸಿಲಲ್ಲಿ ಉಣ್ಣೆಯ ಕೋಟು

ನವೆಂಬರಿನಲ್ಲೂ ಸುಡುಬಿಸಿಲು. ಅಮೆರಿಕದ ಮನ್ರೋ ಊರಿನ ಮತಗಟ್ಟೆಯ ಸಾಲಿನಲ್ಲಿ ನನ್ನ ಮುಂದಿದ್ದ ಕಪ್ಪುವರ್ಣೀಯ ಅಜ್ಜಿ ದಪ್ಪ ಉಣ್ಣೆಯ ಕೋಟು ತೊಟ್ಟು ಬೆವರುತ್ತಿದ್ದರು. ಬಿಚ್ಚಿ ಕೊಟ್ಟರೆ ನಾನು ಹಿಡಿದುಕೊಳ್ಳುತ್ತೇನೆ ಎಂದೆ.

"ಬೇಡ, ಇದು ನಮ್ಮಮ್ಮಂದು. ದಕ್ಷಿಣದ ನಮ್ಮೂರಲ್ಲಿ ಅಮ್ಮ ಇದನ್ನ ಹಾಕ್ಕೊಂಡು ವೋಟ್ ಮಾಡೋಕೆ ಹೋದಾಗೆಲ್ಲ, ಕಪ್ಪು ಜನ ಅಂತ ವಾಪಸ್ ಕಳಿಸ್ತಿದ್ರು" ಎಂದರು. ಪಕ್ಕದಲ್ಲಿದ್ದ ಮೊಮ್ಮಗಳನ್ನು ತೋರಿಸಿ, "ಇವಳು ಈ ಸಲ ನಮ್ಮ ಪಾರ್ಟಿ ಬಿಟ್ಟಿದ್ದಾಳೆ. ಆದ್ರೂ ನಾನೇ ಡ್ರೈವ್ ಮಾಡಿ ಕರ್ಕೊಂಡು ಬಂದೆ" ಎಂದರು.

ಬೆಳಿಗ್ಗೆ ನನಗೂ ಮಗಳಿಗೂ ಇದೇ ಪಾರ್ಟಿ ವಿಷಯಕ್ಕೆ ಜಗಳವಾಗಿ, "ವೋಟಿಗೆ ಹೋಗೋಕೆ ರೈಡ್ ನೀನೇ ನೋಡ್ಕೋ" ಎಂದು ಅವಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ.

ಸಾಲು ಬಿಟ್ಟು ಹೋಗಿ ಅವಳನ್ನು ಕರೆತಂದೆ. ಅವಳ ವೋಟು ನನ್ನ ವೋಟನ್ನು ಹೊಡೆದುಹಾಕುತ್ತದೆಂದು ಗೊತ್ತಿತ್ತು. ಸಾಲಿನಲ್ಲಿ ಅವಳನ್ನೇ ಮುಂದೆ ನಿಲ್ಲಿಸಿದೆ.