ಎರಡು ಚಂದ್ರಗಣಿತಗಳು

ನಸೀಮಾ, ಆ ವರ್ಷ ನಾನು ಅಚ್ಚು ಹಾಕಿಸಿದ ಪಂಚಾಂಗದಲ್ಲಿ ತಿಥಿ ತಪ್ಪಿದ್ದು ನಿನ್ನಿಂದಲ್ಲ, ನನ್ನಿಂದ. ಅದು ನನಗೆ ಆಗಲೇ ತಿಳಿದಿತ್ತು. ತಿಳಿದೂ ನಿನ್ನನ್ನು ದೋಷಿಯಾಗಿ ನಿಲ್ಲಿಸಿದೆ.

ಕಡೂರಿನ ಕಾಲೇಜಿನಲ್ಲಿ ನನ್ನ ಬಳಿ ಗಣಿತ ಕಲಿತವಳು ನೀನು. ನನ್ನ ಗುರುಗಳ ಸೂತ್ರಗಳನ್ನು ನಾನು ಹಿಂದೆಯೇ ಕಂಪ್ಯೂಟರಿನಲ್ಲಿ ಒಂದು ಲೈಬ್ರರಿಯಾಗಿ, ಸಿದ್ಧ ಲೆಕ್ಕಗಳ ಕಟ್ಟಾಗಿ, ಮಾಡಿಟ್ಟಿದ್ದೆ. ಚಂದ್ರನ ಗತಿಯನ್ನು ಇನ್ನೂ ಸೂಕ್ಷ್ಮವಾಗಿ ಗಣಿಸುವ ಇನ್ನೊಂದನ್ನು ನೀನು ಬರೆದುಕೊಟ್ಟೆ. ಎರಡರಲ್ಲೂ ಚಂದ್ರಗಣಿತ ಮಾಡುವ ತುಣುಕಿಗೆ, ಅಂದರೆ ಫಂಕ್ಷನ್‌ಗೆ ಒಂದೇ ಹೆಸರು. ತರೀಕೆರೆಯ ನನ್ನ ಮನೆಯಲ್ಲಿ ಅವನ್ನು ಪಂಚಾಂಗದ ಪ್ರೋಗ್ರಾಮಿಗೆ ಜೋಡಿಸಿದವನು ನಾನು. ಗುರುವನ್ನು ಹಿಂದಿಟ್ಟು ಯಾವುದನ್ನೂ ಆರಂಭಿಸದವನು — ಈ ಜೋಡಣೆ ಮಾಡುವ ಲಿಂಕರ್‌ಗೆ ಕೊಡುವ ಆಜ್ಞೆಯಲ್ಲೂ ಗುರುಗಳ ಲೈಬ್ರರಿಯನ್ನೇ ಮೊದಲು ಬರೆದೆ. ಒಂದೇ ಹೆಸರು ಎರಡು ಕಡೆ ಇದ್ದರೆ ಲಿಂಕರ್ ತಡೆಯುತ್ತದೆಂದು ನಂಬಿದ್ದೆ. ನಮ್ಮವು ಪ್ರೋಗ್ರಾಮು ಓಡುವಾಗ ಸೇರುವ ಶೇರ್ಡ್ ಲೈಬ್ರರಿಗಳು; ಅವುಗಳಲ್ಲಿ ಅದು ತಡೆಯುವುದಿಲ್ಲ; ಮೊದಲು ಸಿಕ್ಕಿದ್ದನ್ನು ಹಿಡಿದು, ಎರಡನೆಯದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ನಿನ್ನ ಗಣಿತ ನಡೆಯಲೇ ಇಲ್ಲ.

ನಮ್ಮ ಪಂಚಾಂಗ ನಂಬಿ ಅಜ್ಜಂಪುರದ ಯಜಮಾನರೊಬ್ಬರು ತಾಯಿಯ ಶ್ರಾದ್ಧವನ್ನು ಒಂದು ದಿನ ಮೊದಲೇ ಮಾಡಿಬಿಟ್ಟರು. ಅವರು ಫೋನಿನಲ್ಲಿ ಹೇಳಿದ ಕೂಡಲೇ ನಾನು ಲೈಬ್ರರಿಗಳ ಕ್ರಮ ಬದಲಿಸಿ, ನಿನ್ನದನ್ನು ಮೊದಲಿಟ್ಟು ನೋಡಿದೆ — ಸರಿಯಾದ ತಿಥಿ ಬಂದಿತು. ಮರುದಿನ ಅವರೇ ಮನೆಗೆ ಬಂದಾಗ ನೀನೂ ಇದ್ದೆ. ಆ ವರ್ಷದ ಗಣಿತ ನಿನ್ನದೆಂದು ಅವರಿಗೆ ಗೊತ್ತಿತ್ತು.

“ಏನ್ ಮೇಷ್ಟ್ರೇ, ನಮ್ಮವ್ವ ಇನ್ನೂ ಹೊರಟೇ ಇರ್ಲಿಲ್ಲ, ನಾವು ಎಲೆ ಎತ್ಬಿಟ್ವಲ್ರೀ! ಆ ಸಾಬರ ಹುಡುಗಿಗೆ ತಿಥಿ ಗಿಥಿ ಏನ್ ಗೊತ್ತಾಯ್ತದೆ?”

“ನನ್ನ ಲೆಕ್ಕ ನೀವೇ ನೋಡಿದ್ರಲ್ಲ ಸರ್,” ಎಂದೆ ನೀನು. “ಒಂದ್ಮಾತು ಹೇಳಿ ಸರ್.”

ಗುರುಗಳ ಗೌರವಕ್ಕಾಗಿ ನಾನು — ಇಲ್ಲ, ಅವರನ್ನು ಇಲ್ಲಿ ಅಡ್ಡ ತರಬಾರದು. ನನ್ನ ಹೆಸರಿಗಾಗಿಯೇ ಹೆದರಿದೆ.

“ಇರ್ಲಿ ಬಿಡಮ್ಮ. ಇನ್ಮೇಲೆ ಹುಷಾರಾಗಿರು” ಎಂದೆ. ಕ್ಷಮಿಸುವವನ ದನಿಯಲ್ಲಿ.

ನೀನು ಮತ್ತೆ ಬರಲಿಲ್ಲ. ಮುಂದಿನ ಪಂಚಾಂಗ ನಿನ್ನ ಗಣಿತದಿಂದಲೇ ಸಿದ್ಧವಾಗಿ, ನಿನ್ನ ಹೆಸರಿಲ್ಲದೆ ಅಚ್ಚಾಯಿತು. “ಆ ಹುಡುಗಿ ಹೋದ್ಮೇಲೆ ಸರಿಹೋಯ್ತು ನೋಡ್ರೀ” ಎಂದರು ಯಜಮಾನರು. ನಾನು ನಕ್ಕೆ. ಅಂದಿನಿಂದ ಪ್ರತಿದಿನ ಪೂಜೆಯ ಸಂಕಲ್ಪದಲ್ಲಿ ತಿಥಿಯನ್ನು ಉಚ್ಚರಿಸುವಾಗ — ಅದು ನಿನ್ನದು — ನಾಲಿಗೆ ತಡವರಿಸುತ್ತದೆ.

ಈಚೆಗೆ ನಿಮ್ಮ ಮನೆಗೆ ಬಂದಿದ್ದೆ. ನೀನಿರಲಿಲ್ಲ. ನಿನ್ನ ತಾಯಿ ಕುರ್ಚಿ ಹಾಕಿ ಚಹಾ ಕೊಟ್ಟರು.

“ಅವ್ಳು ಲೆಕ್ಕ, ಕಂಪ್ಯೂಟರು ಎಲ್ಲಾ ಬಿಟ್ಬಿಟ್ಳು ಸರ್. ‘ತಪ್ಪು ನನ್ದೇ ಅಮ್ಮೀ, ಸರ್ ದೊಡ್ಡೋರು, ಮಾಫ್ ಮಾಡಿದ್ರು’ ಅಂತಾಳೆ.”

ಚಹಾ ಕುಡಿದು ಎದ್ದು ಬಂದೆ.

ನಸೀಮಾ, ನಿನ್ನ ಗಣಿತ ಸರಿಯಾಗಿತ್ತು. ಅದರ ಮೇಲೆ ನಿನಗಿದ್ದ ನಂಬಿಕೆಯನ್ನು ಕಿತ್ತವನು ನಾನು. ಅದನ್ನು ಮರಳಿ ಕೊಡುವ ದಾರಿ ನನಗೆ ತಿಳಿದಿಲ್ಲ.